ಮಳೆ, ಚಳಿಯಲ್ಲಿ ಸೈಕಲ್ ಮೇಲೆ ಕೆಲಸಕ್ಕೆ: ಸಮಗ್ರ ಮಾರ್ಗದರ್ಶಿ

ಸೈಕಲ್ ಸವಾರ ಒದ್ದೆಯಾಗುವುದು ಮೂರು ದಾರಿಯಲ್ಲಿ. ಮೇಲಿಂದ ಬೀಳುವ ಮಳೆ, ಕೆಳಗಿಂದ ಚಕ್ರ ಎರಚುವ ರಾಡಿ, ಒಳಗಿಂದ ಬರುವ ಬೆವರು. ಎಲ್ಲರೂ ಹಣ ಸುರಿಯುವುದು ಮೊದಲನೆಯದನ್ನು ತಡೆಯಲು. ಆದರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದಾರಿಯಲ್ಲಿ ಹೆಚ್ಚು ಕಾಡುವುದು ಉಳಿದೆರಡೇ. ದುಬಾರಿ ಜಾಕೆಟ್ ತೊಟ್ಟವರೂ ಬೆನ್ನು ತೊಯ್ದು, ಕಾಲು ಮರಗಟ್ಟಿ ಕಚೇರಿ ತಲುಪುವುದು ಇದಕ್ಕೇ. ಆದ್ದರಿಂದ ಇಲ್ಲಿ ಜಾಕೆಟ್ಟಿನ ಸರದಿ ಮಡ್‌ಗಾರ್ಡಿನ ನಂತರ.

ಮೊದಲ ಹಣ ಮಡ್‌ಗಾರ್ಡಿಗೆ

ಮಳೆ ನಿಂತು ಗಂಟೆ ಕಳೆದರೂ ರಸ್ತೆ ಒದ್ದೆಯಾಗಿಯೇ ಇರುತ್ತದೆ. ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂದಿನ ಚಕ್ರ ಆ ನೀರನ್ನು ಎತ್ತಿ ಸೊಂಟದಿಂದ ಕತ್ತಿನವರೆಗೆ ಕೆಸರಿನ ಪಟ್ಟಿ ಎಳೆಯುತ್ತದೆ. ಮುಂದಿನ ಚಕ್ರದ ನೀರು ನೇರವಾಗಿ ಪಾದಕ್ಕೂ ಚೈನಿಗೂ ಹೊಡೆಯುತ್ತದೆ. ಅದು ಬರೀ ನೀರಲ್ಲ, ಮರಳು ಮತ್ತು ರಸ್ತೆಯ ಎಣ್ಣೆ ಕಲೆಸಿದ ರಾಡಿ. ಬಟ್ಟೆ ಒಗೆದರೆ ಹೋಗಬಹುದು, ಚೈನ್ ಮಾತ್ರ ಅದರಲ್ಲಿ ಸವೆಯುತ್ತಲೇ ಇರುತ್ತದೆ.

ಚಕ್ರವನ್ನು ಅರ್ಧದಷ್ಟಾದರೂ ಸುತ್ತುವರಿಯುವ ಪೂರ್ಣ ಉದ್ದದ ಮಡ್‌ಗಾರ್ಡನ್ನೇ ಆರಿಸಿ. ಅಗಲ ಟಯರಿಗಿಂತ 8ರಿಂದ 10 ಮಿ.ಮೀ. ಹೆಚ್ಚಿರಲಿ. 32 ಮಿ.ಮೀ. ಟಯರಿಗೆ 40 ಮಿ.ಮೀ. ಆಸುಪಾಸಿನದು ಸರಿ. ಜೋಡಿಸುವ ಕ್ರಮ ಹೀಗೆ:

1. ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ಕೂರಿಸಿ. ಒಂದನ್ನು ಮೊದಲೇ ಬಿಗಿದರೆ ಮಡ್‌ಗಾರ್ಡ್ ವಾರೆಯಾಗಿ ನಿಲ್ಲುತ್ತದೆ.
2. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಉದ್ದಕ್ಕೂ ಸುಮಾರು 10 ಮಿ.ಮೀ. ಅಂತರ ಬಿಡಿ. ಚಕ್ರ ತಿರುಗಿಸುತ್ತಾ ಮೂರು ಕಡೆ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ.
3. ಮಡ್‌ಗಾರ್ಡನ್ನು ಹಿಡಿದಿಡುವ ಎಡ, ಬಲದ ಕಂಬಿಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಂಬಿಯ ಹೆಚ್ಚುವರಿ ಉದ್ದ ಕತ್ತರಿಸಿ, ತುದಿಗೆ ರಬ್ಬರ್ ಟೋಪಿ ಹಾಕಿ. ಹಾಗೇ ಬಿಟ್ಟ ಕಂಬಿ ಮೀನಖಂಡ ಸೀಳುತ್ತದೆ.
4. ಬೋಲ್ಟುಗಳಿಗೆ ಸ್ಪ್ರಿಂಗ್ ವಾಷರ್ ಇಲ್ಲವೇ ನೈಲಾನ್ ಲಾಕ್ ನಟ್ ಇರಲಿ. ಮಡ್‌ಗಾರ್ಡಿನ ಗಡಗಡ ಶಬ್ದಕ್ಕೆ ಹತ್ತರಲ್ಲಿ ಒಂಬತ್ತು ಸಲ ಸಡಿಲಾದ ಬೋಲ್ಟೇ ಕಾರಣ.

ಅಂತರ ಕಡಿಮೆಯಾದರೆ ಅಪಾಯವಿದೆ. ಮುಂದಿನ ಚಕ್ರ ಎತ್ತಿದ ಕಲ್ಲೋ ಕಡ್ಡಿಯೋ ಒಳಗೆ ಸಿಕ್ಕಿಕೊಂಡರೆ ಮಡ್‌ಗಾರ್ಡ್ ಮಡಚಿ ಚಕ್ರ ಗಕ್ಕನೆ ನಿಲ್ಲುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಮುಂದಿನ ಕಂಬಿಗಳ ತುದಿಯಲ್ಲಿ ಜಗ್ಗಿದರೆ ಕಳಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಇರುವುದು ಇದಕ್ಕಾಗಿ. ಅದು ಸಡಿಲವೆಂದು ತಂತಿ ಸುತ್ತಿ ಕಟ್ಟಬೇಡಿ.

ಇನ್ನು ಮುಂದಿನ ಮಡ್‌ಗಾರ್ಡಿನ ತುದಿ. ಕಾರ್ಖಾನೆಯಿಂದ ಬಂದ ಉದ್ದ ಸಾಮಾನ್ಯವಾಗಿ ಸಾಲದು. ದಪ್ಪ ರಬ್ಬರ್ ಹಾಳೆ ಅಥವಾ ಹಳೆಯ ಪ್ಲಾಸ್ಟಿಕ್ ಕ್ಯಾನಿನ ತುಂಡನ್ನು ಅಂಗೈಯಗಲಕ್ಕೆ ಕತ್ತರಿಸಿ, ಎರಡು ಸಣ್ಣ ಬೋಲ್ಟ್ ಹಾಕಿ, ನೆಲದಿಂದ 8ರಿಂದ 10 ಸೆಂ.ಮೀ. ಎತ್ತರದವರೆಗೆ ಇಳಿಬಿಡಿ. ಶೂ ಒಣಗಿ ಉಳಿಯುವುದೂ ತೊಯ್ದು ತೊಪ್ಪೆಯಾಗುವುದೂ ಬಹಳ ಸಲ ಈ ಅಂಗೈಯಗಲದ ರಬ್ಬರಿನಿಂದಲೇ ತೀರ್ಮಾನವಾಗುತ್ತದೆ. ಹಿಂದಿನದಕ್ಕೂ ಹೀಗೇ ಮಾಡಿದರೆ ನಿಮ್ಮ ಹಿಂದೆ ಬರುವ ಸವಾರರ ಮುಖಕ್ಕೆ ಕೆಸರು ಹಾರುವುದಿಲ್ಲ.

ಬಟ್ಟೆ: ಹೊರಡುವಾಗ ಸ್ವಲ್ಪ ಚಳಿಯಾಗಬೇಕು

ಗಾಳಿಯೇ ಇಲ್ಲದ ದಿನವೂ ಸವಾರ ತನ್ನ ವೇಗದಿಂದ ಗಾಳಿ ಹುಟ್ಟಿಸಿಕೊಳ್ಳುತ್ತಾನೆ. ತಾಪಮಾನ 5 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಅದು ಸುಮಾರು 1 ಡಿಗ್ರಿಯ ಚಳಿಯಂತೆ ತಟ್ಟುತ್ತದೆ. ಇದರ ಜೊತೆಗೆ ಬಟ್ಟೆಯೂ ಒದ್ದೆಯಾದರೆ ಕಷ್ಟ ಹೆಚ್ಚು, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆ ನೀರು ಮಳೆಯದೋ ಬೆವರಿನದೋ ಎಂಬ ಭೇದ ಮೈಗಿಲ್ಲ.

ಹಾಗಾಗಿ ಮುಖ್ಯ ಸೂತ್ರ ಒಂದೇ. ಬಾಗಿಲು ದಾಟಿದಾಗ ಮೈ ಸ್ವಲ್ಪ ಜುಮ್ಮೆನ್ನಬೇಕು, ಹತ್ತು ನಿಮಿಷ ತುಳಿದ ಮೇಲೆ ಹಿತವಾಗಬೇಕು. ಮನೆಯಿಂದ ಹೊರಡುವಾಗಲೇ ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದರ್ಥ. ಮೊದಲ ಏರು ದಾಟುವಷ್ಟರಲ್ಲಿ ಬೆವರು ಕಿತ್ತುಕೊಳ್ಳುತ್ತದೆ, ಮುಂದಿನ ಇಳಿಜಾರಿನಲ್ಲಿ ಆ ಬೆವರೇ ತಣ್ಣಗಾಗಿ ಕೊರೆಯುತ್ತದೆ.

ಮೈಗಂಟುವ ಪದರ ತೆಳು ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಹತ್ತಿಯ ಬನಿಯನ್ ಬೇಡ, ಅದು ನೀರು ಹೀರಿಕೊಂಡು ಬಿಡುವುದೇ ಇಲ್ಲ. ಉಣ್ಣೆ ಒದ್ದೆಯಾದಾಗಲೂ ಸ್ವಲ್ಪ ಬೆಚ್ಚಗಿಡುತ್ತದೆ, ವಾಸನೆಯೂ ಕಡಿಮೆ. 10 ಡಿಗ್ರಿಗಿಂತ ಕೆಳಗೆ ಅದರ ಮೇಲೊಂದು ತೆಳು ಸ್ವೆಟರ್. ಎಲ್ಲದರ ಮೇಲೆ ಜಾಕೆಟ್.

ಜಾಕೆಟ್ ಕೊಳ್ಳುವಾಗ ಎರಡು ಸಂಖ್ಯೆ ನೋಡಿ. ನೀರು ತಡೆಯುವ ಶಕ್ತಿ (ಸೋರದೆ ಬಟ್ಟೆ ತಡೆಯಬಲ್ಲ ನೀರಿನ ಕಂಬದ ಎತ್ತರ) 10,000 ಮಿ.ಮೀ. ಅಥವಾ ಮೇಲೆ, ಆವಿ ಹೊರಬಿಡುವ ಶಕ್ತಿ ಚದರ ಮೀಟರಿಗೆ ದಿನಕ್ಕೆ 10,000 ಗ್ರಾಂ ಅಥವಾ ಮೇಲೆ. ಹೊಲಿಗೆಗಳ ಒಳಭಾಗಕ್ಕೆ ಟೇಪ್ ಅಂಟಿಸಿರಬೇಕು. ಇಷ್ಟಿದ್ದರೂ ಜೋರಾಗಿ ತುಳಿಯುವವರ ಬೆವರನ್ನು ಯಾವ ಬಟ್ಟೆಯೂ ಪೂರ್ತಿ ಹೊರಹಾಕಲಾರದು. ಕಂಕುಳಲ್ಲಿ ಜಿಪ್ ಇರುವ ಜಾಕೆಟ್ ಸಂಖ್ಯೆಗಳಿಗಿಂತ ಹೆಚ್ಚು ಉಪಕಾರಿ. ಹಿಂಭಾಗ ಉದ್ದವಿರಲಿ, ತೋಳು ಹ್ಯಾಂಡಲ್ ಹಿಡಿದಾಗಲೂ ಮಣಿಕಟ್ಟು ಮುಚ್ಚಲಿ.

ಹಳೆಯ ಜಾಕೆಟ್ ಸೋರುತ್ತಿದೆ ಎಂದು ಎಸೆಯುವ ಮುನ್ನ ಒಂದು ಪರೀಕ್ಷೆ ಮಾಡಿ. ಭುಜದ ಮೇಲೆ ನಾಲ್ಕು ಹನಿ ನೀರು ಹಾಕಿ. ಹನಿ ಮಣಿಯಂತೆ ಉರುಳಿದರೆ ಮೇಲಿನ ಲೇಪ ಚೆನ್ನಾಗಿದೆ. ಬಟ್ಟೆ ನೀರು ಹೀರಿ ಕಪ್ಪಾದರೆ ಲೇಪ ಹೋಗಿದೆ. ಒಳಗಿನ ಪೊರೆ ಇನ್ನೂ ನೀರು ತಡೆಯುತ್ತಿರಬಹುದು, ಆದರೆ ಹೊರಬಟ್ಟೆ ತೊಯ್ದರೆ ಬೆವರಿನ ಆವಿಗೆ ದಾರಿ ಮುಚ್ಚಿ ಒಳಗೆಲ್ಲ ತೇವವಾಗುತ್ತದೆ. ಸೋರುತ್ತಿದೆ ಎಂದು ನಾವು ಅಂದುಕೊಳ್ಳುವುದು ಬಹಳ ಸಲ ಇದನ್ನೇ. ಸೌಮ್ಯ ಸಾಬೂನಿನಲ್ಲಿ ಒಗೆದು, ಬಟ್ಟೆ ಮೃದುಮಾಡುವ ದ್ರಾವಣ ಸೋಕಿಸದೆ, ನೀರು ನಿವಾರಕ ಲೇಪವನ್ನು ಹೊಸದಾಗಿ ಹಚ್ಚಿ, ಲೇಬಲ್ಲಿನಲ್ಲಿ ಹೇಳಿದಷ್ಟೇ ಬಿಸಿಯಲ್ಲಿ ಒಣಗಿಸಿ.

ನಿಧಾನವಾಗಿ, ನೇರ ಕುಳಿತು ಹೋಗುವವರಿಗೆ ಸೈಕಲ್ ಕೇಪ್ ಇನ್ನೂ ಉತ್ತಮ. ಹ್ಯಾಂಡಲ್ ಮೇಲೆ ಹರಡಿಕೊಂಡು ತೊಡೆಯನ್ನೂ ಮುಚ್ಚುತ್ತದೆ, ಕೆಳಗಿಂದ ಗಾಳಿಯಾಡುತ್ತದೆ, ಬೆವರುವುದಿಲ್ಲ. ಆದರೆ ಮಡ್‌ಗಾರ್ಡ್ ಇಲ್ಲದೆ ಕೇಪ್ ವ್ಯರ್ಥ, ಜೋರು ಗಾಳಿಯಲ್ಲಿ ಅದು ಹಾಯಿಯಂತೆ ಎಳೆದಾಡುತ್ತದೆ.

ಕಾಲಿಗೆ? 15 ಡಿಗ್ರಿಯ ಮೇಲೆ ಮಳೆಪ್ಯಾಂಟೇ ಬೇಡ. ಚಡ್ಡಿ ತೊಟ್ಟು ಹೋಗಿ, ತಲುಪಿದ ಮೇಲೆ ಒರೆಸಿಕೊಳ್ಳಿ. ಚರ್ಮದಷ್ಟು ಬೇಗ ಒಣಗುವ ಬಟ್ಟೆ ಇಲ್ಲ. ಅದಕ್ಕಿಂತ ಚಳಿಯಿದ್ದರೆ ಮೈಗಂಟುವ ದಪ್ಪ ಟೈಟ್ಸ್, 5 ಡಿಗ್ರಿಗಿಂತ ಕೆಳಗೆ ಮಳೆಯೂ ಇದ್ದರೆ ಅದರ ಮೇಲೆ ಮಳೆಪ್ಯಾಂಟ್. ಬಲಗಾಲಿನ ಅಂಚನ್ನು ಪಟ್ಟಿಯಿಂದ ಕಟ್ಟಿ, ಇಲ್ಲದಿದ್ದರೆ ಚೈನ್ ಅದನ್ನು ಕಚ್ಚುತ್ತದೆ.

ಕೈ, ಪಾದ, ತಲೆ

ಕೈಯ ಬಗ್ಗೆ ರಾಜಿ ಮಾಡಿಕೊಳ್ಳಬೇಡಿ. ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಒತ್ತುತ್ತಿದ್ದೀರಿ ಎಂಬುದೇ ತಿಳಿಯುವುದಿಲ್ಲ. ಕೈಗವಸು ಹಾಕಿಕೊಂಡು ಬ್ರೇಕ್, ಗೇರ್ ಎರಡನ್ನೂ ಸಲೀಸಾಗಿ ಒತ್ತಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ನೋಡಿ. ತೀರಾ ಬಿಗಿಯಾದದ್ದು ರಕ್ತ ಓಡಾಟ ತಡೆದು ಇನ್ನಷ್ಟು ಚಳಿ ತರುತ್ತದೆ. ಕೊರೆಯುವ ಚಳಿಗೆ ಎರಡೆರಡು ಬೆರಳು ಜೊತೆಯಾಗಿರುವ ಗವಸು ಒಳ್ಳೆಯದು. ಚೀಲದಲ್ಲಿ ಇನ್ನೊಂದು ಒಣ ಜೊತೆ ಸದಾ ಇರಲಿ. ಸಂಜೆ ಹೊರಡುವಾಗ ಬೆಳಗಿನ ಒದ್ದೆ ಗವಸಿಗೆ ಕೈ ತೂರಿಸುವ ಕಷ್ಟ ಒಮ್ಮೆ ಅನುಭವಿಸಿದವರು ಇದನ್ನು ಮರೆಯುವುದಿಲ್ಲ.

ಪಾದಕ್ಕೆ ನೀರು ನುಗ್ಗುವುದು ಹೆಚ್ಚಾಗಿ ಮೇಲಿನಿಂದ. ಕಾಲಿನ ಮೇಲೆ ಹರಿದ ನೀರು ಕಾಲುಚೀಲ ಹಿಡಿದು ಶೂ ಒಳಗಿಳಿಯುತ್ತದೆ. ಆದ್ದರಿಂದ ಪ್ಯಾಂಟಿನ ಅಂಚು ಶೂ ಕವರಿನ ಹೊರಗೆ ಇಳಿದಿರಬೇಕು, ಒಳಗೆ ತುರುಕಬಾರದು. ಹೆಂಚು ಹೊದಿಸಿದ ಕ್ರಮವೇ ಇಲ್ಲೂ. ತೆಳು ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಶೂ ಎಂಬ ಹಳೆಯ ಉಪಾಯ ಅರ್ಧ ಗಂಟೆಯ ದಾರಿಗೆ ಚೆನ್ನಾಗಿಯೇ ನಡೆಯುತ್ತದೆ.

ಹೆಲ್ಮೆಟ್ ಕೆಳಗೆ ಕಿವಿ ಮುಚ್ಚುವ ತೆಳು ಟೋಪಿ ಸಾಕು. ಅದನ್ನು ಹಾಕಿದ ಮೇಲೆ ಹೆಲ್ಮೆಟ್ ಪಟ್ಟಿಯನ್ನು ಮತ್ತೆ ಸರಿಹೊಂದಿಸಿ. ಕನ್ನಡಕದವರಿಗೆ ಮುಂದೆ ಸಣ್ಣ ಅಂಚಿರುವ ಸೈಕಲ್ ಟೋಪಿ ವರದಾನ, ಹನಿಗಳು ಗಾಜಿಗೆ ಬಡಿಯುವ ಮೊದಲೇ ತಡೆಯುತ್ತದೆ.

ಚೀಲ ಮತ್ತು ಕಚೇರಿ

ಬೆನ್ನಿಗೆ ಚೀಲ ಹೊತ್ತರೆ ಅಲ್ಲಿ ಗಾಳಿಯಾಡದೆ ಬೆವರು ನಿಶ್ಚಿತ. ಭಾರ ಕ್ಯಾರಿಯರಿಗೆ ಹೋಗಲಿ, ಪಕ್ಕಕ್ಕೆ ತೂಗುವ ಪ್ಯಾನಿಯರ್ ಚೀಲದಲ್ಲಿ. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಚೀಲಕ್ಕೆ ಕನಿಷ್ಠ ಮೂರು ಸುತ್ತು ಬೇಕು. ಲ್ಯಾಪ್‌ಟಾಪ್, ಕಾಗದಪತ್ರಗಳಿಗೆ ಒಳಗೊಂದು ಪಾಲಿಥೀನ್ ಚೀಲ ಬೇರೆ ಇರಲಿ. ಚೀಲ ತೂತಾದದ್ದು ಗೊತ್ತಾಗುವುದು ಮಳೆ ಬಂದ ದಿನವೇ.

ಕಚೇರಿಯಲ್ಲಿ ಒಂದು ಜೊತೆ ಶೂ, ಟವೆಲ್, ಒಳಉಡುಪು, ಕಾಲುಚೀಲ ಕಾಯಂ ಇಟ್ಟುಬಿಡಿ. ಕೊನೆಯ ಒಂದು ಕಿಲೋಮೀಟರ್ ನಿಧಾನ ತುಳಿದು, ತಲುಪಿದ ಮೇಲೆ ಹತ್ತು ನಿಮಿಷ ಸುಧಾರಿಸಿಕೊಂಡು ಬಟ್ಟೆ ಬದಲಿಸಿ. ತಕ್ಷಣ ಬದಲಿಸಿದರೆ ಹೊಸ ಬಟ್ಟೆಯೂ ಬೆವರುತ್ತದೆ. ಒದ್ದೆ ಶೂಗೆ ಹಳೆಯ ಪತ್ರಿಕೆ ಮುದ್ದೆಮಾಡಿ ತುಂಬಿ, ಒಂದು ಗಂಟೆಯ ನಂತರ ಆ ಕಾಗದ ತೆಗೆದು ಒಣ ಕಾಗದ ತುಂಬಿ. ಸಂಜೆಗೆ ಬಹುಮಟ್ಟಿಗೆ ಒಣಗಿರುತ್ತದೆ. ಹೀಟರಿಗೆ ತಾಗಿಸಿಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.

ಒದ್ದೆ ರಸ್ತೆಯಲ್ಲಿ ಬ್ರೇಕ್ ಮತ್ತು ಟಯರ್

ರಿಮ್ ಹಿಡಿಯುವ ಬ್ರೇಕಿನ ರಬ್ಬರ್ ಮೊದಲು ರಿಮ್ ಮೇಲಿನ ನೀರಿನ ಪೊರೆಯನ್ನು ಒರೆಸಬೇಕು, ಹಿಡಿತ ಸಿಗುವುದು ಆಮೇಲೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಓಡುತ್ತದೆ. ಚಕ್ರ ಎರಡು ಸುತ್ತು ಬರೀ ನೀರು ಒರೆಸುವುದರಲ್ಲೇ ಕಳೆದರೂ ನಾಲ್ಕು ಮೀಟರ್ ಹೋಯಿತು. ಹಾಗಾಗಿ ಸಿಗ್ನಲ್, ತಿರುವು, ಇಳಿಜಾರು ಬರುವ ಮೊದಲೇ ಬ್ರೇಕನ್ನು ಲಘುವಾಗಿ ತಾಗಿಸಿ ರಿಮ್ ಒಣಗಿಸಿಕೊಳ್ಳಿ. ಕ್ರೋಮ್ ಲೇಪದ ಉಕ್ಕಿನ ರಿಮ್ ಇದ್ದರೆ ಮಳೆಯಲ್ಲಿ ಬ್ರೇಕ್ ಕೈಕೊಡುತ್ತದೆ ಎಂದೇ ತಿಳಿದು ಓಡಿಸಿ, ಸಾಧ್ಯವಾದರೆ ಅಲ್ಯೂಮಿನಿಯಂ ರಿಮ್ ಹಾಕಿಸಿ. ಡಿಸ್ಕ್ ಬ್ರೇಕಿಗೆ ಈ ತೊಂದರೆ ಬಹಳ ಕಡಿಮೆ. ಮಳೆಯಲ್ಲಿ ಅದು ಕಿರುಚಿದರೆ ಗಾಬರಿ ಬೇಡ, ಆದರೆ ಶಬ್ದ ನಿಲ್ಲಿಸಲೆಂದು ಡಿಸ್ಕಿಗೆ ಎಣ್ಣೆ ಮಾತ್ರ ಸೋಕಿಸಬೇಡಿ. ಪ್ಯಾಡ್ ಎಣ್ಣೆ ಕುಡಿದರೆ ಬ್ರೇಕೇ ಇಲ್ಲದಂತಾಗುತ್ತದೆ. ರಾಳದ ಪ್ಯಾಡಿಗಿಂತ ಲೋಹಮಿಶ್ರಿತ ಪ್ಯಾಡ್ ಕೆಸರಿನಲ್ಲಿ ಹೆಚ್ಚು ಬಾಳುತ್ತದೆ.

ಟಯರ್ 32 ಮಿ.ಮೀ. ಅಥವಾ ಅದಕ್ಕಿಂತ ಅಗಲವಿದ್ದರೆ ಒಳ್ಳೆಯದು. ಗಾಳಿಯನ್ನು ಒಣ ದಿನಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿ, ಆದರೆ ಟಯರಿನ ಬದಿಯಲ್ಲಿ ಬರೆದ ಕನಿಷ್ಠಕ್ಕಿಂತ ಕೆಳಗಿಳಿಸಬೇಡಿ. ನುಣುಪು ಟಯರ್ ನೀರಿನ ಮೇಲೆ ತೇಲಿ ಜಾರುತ್ತದೆ ಎಂಬ ಭಯ ಬೇಡ. ಸೈಕಲ್ ಟಯರ್ ಕಿರಿದು, ದುಂಡು, ನೀರನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಕೆಡವುವುದು ಬೇರೆ: ರಸ್ತೆಗೆ ಬಳಿದ ಬಣ್ಣದ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಒದ್ದೆ ಎಲೆ, ಕಾಮನಬಿಲ್ಲಿನಂತೆ ಹೊಳೆಯುವ ಎಣ್ಣೆ. ಇವುಗಳ ಮೇಲೆ ನೇರ ದಾಟಿ, ತಿರುಗಿಸಬೇಡಿ, ಬ್ರೇಕ್ ಒತ್ತಬೇಡಿ. ರೈಲು ಹಳಿಯನ್ನು ಆದಷ್ಟೂ ಲಂಬಕೋನದಲ್ಲಿ ದಾಟಿ. ಬಹಳ ದಿನದ ಬಿಸಿಲಿನ ನಂತರ ಬೀಳುವ ಮೊದಲ ಮಳೆಯ ಮೊದಲ ಕೆಲವು ನಿಮಿಷ ಎಲ್ಲಕ್ಕಿಂತ ಜಾರುವ ಹೊತ್ತು, ಧೂಳೂ ಎಣ್ಣೆಯೂ ಎದ್ದು ತೇಲುತ್ತಿರುತ್ತವೆ. ನಿಂತ ನೀರಿನಡಿ ಗುಂಡಿ ಎಷ್ಟಿದೆಯೋ ತಿಳಿಯದು. ಹಿಂದೆ ನೋಡಿ, ಕೈ ತೋರಿಸಿ, ಸುತ್ತಿ ಹೋಗಿ.

ಹಿಮಗಟ್ಟುವ ಚಳಿಯಲ್ಲಿ

ತಾಪಮಾನ 3 ಡಿಗ್ರಿಗೆ ಇಳಿದರೆ ರಸ್ತೆಯಲ್ಲಿ ಮಂಜುಗಡ್ಡೆ ಇದ್ದೇ ಇದೆ ಎಂದುಕೊಂಡು ಹೊರಡಿ. ಹವಾಮಾನ ವರದಿಯ ಸಂಖ್ಯೆ ನೆಲದಿಂದ ಮೇಲಿನ ಗಾಳಿಯದು, ನೆಲ ಅದಕ್ಕಿಂತ ತಣ್ಣಗಿರಬಹುದು. ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ, ಅದಕ್ಕೆ ಮೇಲೂ ಕೆಳಗೂ ತಣ್ಣನೆ ಗಾಳಿ. ಬಿಸಿಲು ತಾಗದ ನೆರಳಿನ ತಿರುವು ಕೊನೆಗೆ ಕರಗುತ್ತದೆ. ಮಂಜಿನ ಮೇಲೆ ಸಿಕ್ಕಿಕೊಂಡರೆ ಹ್ಯಾಂಡಲ್ ನೇರ ಹಿಡಿದು, ಬ್ರೇಕ್ ಬಿಟ್ಟು, ತುಳಿಯುವುದನ್ನು ಮೆಲ್ಲಗೆ ನಿಲ್ಲಿಸಿ ತೇಲಿಹೋಗಲು ಬಿಡಿ. ಸೀಟನ್ನು ಒಂದು ಸೆಂ.ಮೀ. ಇಳಿಸಿದರೆ ಕಾಲು ಬೇಗ ನೆಲ ಮುಟ್ಟುತ್ತದೆ.

ಇಂಥ ದಿನಗಳು ಹೆಚ್ಚಿರುವ ಕಡೆ ಟಂಗ್‌ಸ್ಟನ್ ಕಾರ್ಬೈಡ್ ಮೊಳೆಗಳ ಟಯರ್ ಬೇಕೇ ಬೇಕು. ಒಂದೇ ಕೊಳ್ಳುವುದಾದರೆ ಮುಂದಿನ ಚಕ್ರಕ್ಕೆ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದಂತೆಯೇ. ಹೊಸ ಟಯರನ್ನು ಮೊದಲ 40–50 ಕಿ.ಮೀ. ಡಾಂಬರಿನ ಮೇಲೆ ಮೆಲ್ಲಗೆ, ಜೋರು ಬ್ರೇಕ್ ಹಾಕದೆ ಓಡಿಸಿದರೆ ಮೊಳೆಗಳು ಭದ್ರವಾಗಿ ಕೂರುತ್ತವೆ.

ಮಳೆ ನೆಲ ಮುಟ್ಟಿದಾಕ್ಷಣ ಗಡ್ಡೆಯಾಗುವ ದಿನ, ಬಿರುಗಾಳಿಯ ದಿನ ಸೈಕಲ್ ಬೇಡ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ. ಮರದ ಕೆಳಗೆ ನಿಲ್ಲಬೇಡಿ.

ಕಾಣಿಸಿಕೊಳ್ಳುವುದು

ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಹಿಂದಿನದು ಆರಿದರೆ ಸವಾರನಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಹಿಂದೆ ಎರಡಿರಲಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಒಳಗೆ ತಂದು ಬೆಚ್ಚಗಾದ ಮೇಲೆ ಹಾಕಿ. ಕಣ್ಣು ಕೋರೈಸುವ ಹಳದಿ ಜಾಕೆಟ್ ಹಗಲಿನ ನೇರಳಾತೀತ ಬೆಳಕಿನಿಂದ ಹೊಳೆಯುವಂಥದು, ರಾತ್ರಿ ಅದಕ್ಕೆ ಆ ಶಕ್ತಿಯಿಲ್ಲ. ಕತ್ತಲಲ್ಲಿ ಬೇಕಾದದ್ದು ಬೆಳಕು ಪ್ರತಿಫಲಿಸುವ ಪಟ್ಟಿ, ಅದರಲ್ಲೂ ಕಾಲಿನ ಗಂಟಿಗೆ. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡರೆ ಚಾಲಕನಿಗೆ ಅದು ಮನುಷ್ಯ ಎಂದು ಬೇಗ ಹೊಳೆಯುತ್ತದೆ.

ಮಳೆಯಲ್ಲಿ ಪಂಕ್ಚರ್

ಒದ್ದೆ ರಬ್ಬರನ್ನು ಗಾಜಿನ ಚೂರು ಸುಲಭವಾಗಿ ಕೊಯ್ಯುತ್ತದೆ, ಅದಕ್ಕೇ ಮಳೆಯಲ್ಲಿ ಪಂಕ್ಚರ್ ಹೆಚ್ಚು. ಒದ್ದೆ ಟ್ಯೂಬಿಗೆ ಪ್ಯಾಚ್ ಅಂಟುವುದಿಲ್ಲ. ಆದ್ದರಿಂದ ಹೊಸ ಟ್ಯೂಬ್, ಎರಡು ಲಿವರ್, ಪಂಪ್ ಜೊತೆಗಿರಬೇಕು. ನಿಂತ ಕೂಡಲೇ, ಕೆಲಸ ಶುರುಮಾಡುವ ಮೊದಲೇ, ಇನ್ನೊಂದು ಬಟ್ಟೆ ಹಾಕಿಕೊಳ್ಳಿ. ತುಳಿಯುವುದು ನಿಂತರೆ ಒದ್ದೆ ಮೈ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಟಯರಿನ ಒಳಗಡೆ ಚಿಂದಿಬಟ್ಟೆ ಆಡಿಸಿ, ಚೂರು ಇದ್ದಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಮರಗಟ್ಟಿದ ಬೆರಳಿಗೆ ಅದು ತಿಳಿಯದು, ಕೊಯ್ದ ಮೇಲಷ್ಟೇ ತಿಳಿಯುತ್ತದೆ. ನಡುಕ ನಿಲ್ಲದೆ, ಬೆರಳು ಮಾತು ಕೇಳದೆ, ಮಾತು ತೊದಲಲು ಶುರುವಾದರೆ ರಿಪೇರಿ ಅಲ್ಲಿಗೇ ಬಿಟ್ಟು ಬೆಚ್ಚಗಿನ ಜಾಗಕ್ಕೆ ಹೋಗಿ.

ಮನೆಗೆ ಬಂದ ಮೇಲೆ ಐದು ನಿಮಿಷ

ಒದ್ದೆ ಸೈಕಲ್ಲನ್ನು ಹಾಗೇ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಚೈನಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು. ಚೈನನ್ನೂ ರಿಮ್ಮನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಒರೆಸಿ. ರಸ್ತೆಗೆ ಉಪ್ಪು ಸುರಿಯುವ ಕಡೆಯಾದರೆ ಮೊದಲು ಉಗುರುಬೆಚ್ಚಗಿನ ನೀರು ಹಾಯಿಸಿ. ಜೋರಾಗಿ ಚಿಮ್ಮುವ ಪೈಪನ್ನು ಹಬ್ಬಿಗೆ, ಪೆಡಲ್ ಅಚ್ಚಿಗೆ ಹಿಡಿಯಬೇಡಿ, ಬೇರಿಂಗಿನ ಗ್ರೀಸ್ ಕೊಚ್ಚಿಹೋಗುತ್ತದೆ.

ಎಣ್ಣೆ ವಾರಕ್ಕೊಮ್ಮೆ, ಸತತ ಮಳೆಯಿದ್ದರೆ ಎರಡು ಸಲ. ಒದ್ದೆ ಹವೆಗೆಂದೇ ಇರುವ ದಪ್ಪ ಚೈನ್ ಎಣ್ಣೆ ಬಳಸಿ. ಚೈನ್ ಒಣಗಿರಲಿ. ಪೆಡಲ್ ಹಿಂದಕ್ಕೆ ತಿರುಗಿಸುತ್ತಾ, ಕೆಳಗಿನ ಸಾಲಿನ ಒಳಮುಖಕ್ಕೆ, ಒಂದೊಂದು ರೋಲರಿಗೆ ಒಂದೊಂದು ಹನಿ. ಅರ್ಧ ನಿಮಿಷ ತಿರುಗಿಸಿ, ಐದು ನಿಮಿಷ ಬಿಟ್ಟು, ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಬೇಕಾದದ್ದು ಒಳಗಿನ ಪಿನ್ನಿಗೆ, ಹೊರಗೆ ಉಳಿದದ್ದು ಮರಳು ಹಿಡಿದು ಅರೆಯುವ ಕಲ್ಲಾಗುತ್ತದೆ. ತಿಂಗಳಿಗೊಮ್ಮೆ ಅಳೆಯಿರಿ. ಪಿನ್ನಿನ ನಡುವಿನಿಂದ ಹಿಡಿದು 24 ಪಿನ್ನುಗಳಾಚೆಯ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ 304.8 ಮಿ.ಮೀ. ಇರುತ್ತದೆ. 306.5 ಆದರೆ ಬದಲಿಸುವ ಹೊತ್ತು, 308 ದಾಟಿದರೆ ಹಿಂದಿನ ಹಲ್ಲುಚಕ್ರವೂ ಜೊತೆಗೆ ಹೋಗಿರುತ್ತದೆ.

ಕೊನೆಯದಾಗಿ ಬ್ರೇಕ್ ರಬ್ಬರ್. ಚಕ್ರ ಕಳಚಿ, ಬೆಳಕಿಗೆ ಹಿಡಿದು ಅದರ ಮುಖ ನೋಡಿ. ಕಪ್ಪು ರಬ್ಬರಿನಲ್ಲಿ ಬೆಳ್ಳಿಯಂತೆ ಮಿನುಗುವ ಚುಕ್ಕೆಗಳಿದ್ದರೆ ಅವು ರಿಮ್ಮಿನಿಂದಲೇ ಕೆರೆದು ಬಂದ ಅಲ್ಯೂಮಿನಿಯಂ ಚೂರುಗಳು. ಬ್ರೇಕ್ ಹಿಡಿದಾಗ ಕೇಳುವ ಕರಕರ ಸದ್ದು ಇವುಗಳದೇ. ಸೂಜಿಯ ಮೊನೆಯಿಂದ ಒಂದೊಂದನ್ನೂ ಕಿತ್ತು ತೆಗೆದು, ಮುಖವನ್ನು ಮರಳು ಕಾಗದದಲ್ಲಿ ಎರಡು ಸಲ ಉಜ್ಜಿ. ರಿಮ್ಮಿನ ಬದಿಗೆ ಸ್ಕೇಲ್ ಅಡ್ಡ ಹಿಡಿದು ನೋಡಿ. ನಡುವೆ ಬಟ್ಟಲಿನಂತೆ ತಗ್ಗು ಬಿದ್ದು ಸ್ಕೇಲಿನಡಿ ಬೆಳಕು ಕಂಡರೆ, ಅಥವಾ ಸವೆತದ ಗುರುತಿಗೆಂದು ಕೊರೆದ ಗೆರೆ ಅಳಿಸಿದ್ದರೆ, ಆ ರಿಮ್ ಗಾಳಿಯ ಒತ್ತಡಕ್ಕೆ ಓಡುತ್ತಿರುವಾಗಲೇ ಸೀಳಬಹುದು. ಅದನ್ನು ಬದಲಿಸುವವರೆಗೆ ಆ ಸೈಕಲ್ ರಸ್ತೆಗಿಳಿಸಬೇಡಿ.